ಕಚ್ಚಿಕೊಂಡ ಹಲ್ಲುಗಾಲಿ

ಸೈಕಲ್ಲಿನ ಹಿಂದಿನ ಗಾಲಿಯಲ್ಲಿ ಕಚ್ಚಿಕೊಂಡು ಕುಳಿತ ಹಲ್ಲುಗಾಲಿಯೊಂದನ್ನು ಕಳಚುವ ಬಗೆ ಹೇಗೆ ಎಂಬುದು ಇಂದಿನ ನನ್ನ ಮಾತಿನ ವಿಷಯ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಾಲೇಜಿನಲ್ಲಿ ಪಂಪನನ್ನೂ ಕುಮಾರವ್ಯಾಸನನ್ನೂ ಪಾಠ ಹೇಳಿದವನಿಗೆ ಈ ಕಸುಬಿನ ಮಾತು ಏತಕ್ಕೆ ಎಂದು ಕೇಳುಗರಲ್ಲಿ ಕೆಲವರಾದರೂ ಹುಬ್ಬೇರಿಸಿರಬಹುದು. ನನ್ನ ಸಮಾಧಾನ ಇಷ್ಟೆ: ಪಂಡಿತರು ಯಂತ್ರದ ಹತ್ತಿರ ಸುಳಿಯದಿದ್ದರೆ ಯಂತ್ರಕ್ಕೇನೂ ನಷ್ಟವಿಲ್ಲ, ಭಾಷೆಗೆ ಇದೆ. ಎಣ್ಣೆ ಮೆತ್ತಿದ ಕೈಗಳಲ್ಲಿ ಒಂದು ತಿಳಿವಳಿಕೆ ಇದೆ. ಅದು ಪುಸ್ತಕಕ್ಕೆ ಇಳಿದಿಲ್ಲ. ಆ ಕೈಗಳು ಒಂದೊಂದಾಗಿ ವಿಶ್ರಾಂತಿ ಪಡೆಯುತ್ತಿರುವ ಈ ಹೊತ್ತಿನಲ್ಲಿ ಅದರ ಒಂದು ತುಣುಕನ್ನಾದರೂ ಮಾತಿನಲ್ಲಿ ಹಿಡಿದಿಡಬಹುದೇ ಎಂಬುದು ನನ್ನ ಆಸೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ - ಈ ಐದು ಊರುಗಳ ನಡುವಣ ನೆಲವನ್ನು ಬಲ್ಲವರಿಗೆ ಸೈಕಲ್ಲಿನ ಮಹತ್ವವನ್ನು ವಿವರಿಸಬೇಕಾಗಿಲ್ಲ. ಮಳೆ ಕಡಿಮೆ, ಬಯಲು ಹೆಚ್ಚು, ಊರಿನಿಂದ ಊರಿಗೆ ಮೈಲಿಗಟ್ಟಲೆ ಜಾಲಿ, ಬೇವು, ಹುಣಿಸೆಮರಗಳ ಸಾಲು. ಇಲ್ಲಿ ಸೈಕಲ್ ಬಹುಕಾಲ ಬಡವನ ಎತ್ತಿನಗಾಡಿಯಾಗಿತ್ತು. ಕೂಡ್ಲಿಗಿಯ ಹುಣಿಸೆಹಣ್ಣಿನ ಮೂಟೆ, ಹಡಗಲಿಯ ಮಲ್ಲಿಗೆಯ ಬುಟ್ಟಿ, ಹಾಲಿನ ಕ್ಯಾನು, ಶೇಂಗಾದ ಚೀಲ ಇವೆಲ್ಲ ಒಂದಲ್ಲ ಒಂದು ಕಾಲದಲ್ಲಿ ಅದರ ಕ್ಯಾರಿಯರನ್ನು ಏರಿದವೇ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ವಿದ್ಯಾರ್ಥಿನಿಯರಿಗೆ, ಅನಂತರ ವಿದ್ಯಾರ್ಥಿಗಳಿಗೂ, ಉಚಿತ ಸೈಕಲ್ಲುಗಳನ್ನು ಕೊಡತೊಡಗಿದಾಗ, ಹೈಸ್ಕೂಲಿಲ್ಲದ ಹಳ್ಳಿಗಳ ಹೆಣ್ಣುಮಕ್ಕಳು ಸಾಲಾಗಿ ಸೈಕಲ್ ತುಳಿದುಕೊಂಡು ಬರುವ ದೃಶ್ಯವನ್ನು ಹಗರಿಬೊಮ್ಮನಹಳ್ಳಿಯ ರಸ್ತೆಯಲ್ಲಿ ನಾನು ನಿಂತು ನೋಡಿದ್ದೇನೆ. ಆ ಸಾಲಿನಲ್ಲಿ ಒಂದು ಸೈಕಲ್ಲಿನ ಹಿಂಗಾಲಿ ಕೆಟ್ಟಿತೆಂದರೆ, ಒಬ್ಬ ಹುಡುಗಿಯ ಶಾಲೆ ಅಷ್ಟು ದಿನ ನಿಂತಿತೆಂದೇ ಅರ್ಥ. ಆದುದರಿಂದ ನಾನು ಹೇಳಹೊರಟಿರುವುದು ತೀರ ಸಣ್ಣ ಸಂಗತಿಯೇನೂ ಅಲ್ಲ.

ವಿಷಯಕ್ಕೆ ಬರುವ ಮೊದಲು, ಮೇಷ್ಟರ ಚಟ, ಕೆಲವು ಕ್ರಿಯಾಪದಗಳನ್ನು ಬೇರ್ಪಡಿಸಿಕೊಳ್ಳೋಣ. ಕನ್ನಡದಲ್ಲಿ ‘ಕೀಳು’ ಎಂದರೆ ಬಲದಿಂದ ಬೇರುಸಹಿತ ಎಳೆದು ತೆಗೆಯುವುದು. ಹಲ್ಲು ಕೀಳುತ್ತೇವೆ, ಕಳೆ ಕೀಳುತ್ತೇವೆ. ‘ಬಿಚ್ಚು’ ಎಂದರೆ ಕಟ್ಟಿದ್ದನ್ನು ಕಟ್ಟಿದ ಕ್ರಮಕ್ಕೆ ವಿರುದ್ಧವಾಗಿ ಬಿಡಿಸುವುದು. ಗಂಟು ಬಿಚ್ಚುತ್ತೇವೆ. ‘ಕಳಚು’ ಇವೆರಡಕ್ಕಿಂತ ಸೂಕ್ಷ್ಮ. ಕೂಡಿಕೊಂಡ ಎರಡು ವಸ್ತುಗಳು, ಎರಡಕ್ಕೂ ನೋವಾಗದ ಹಾಗೆ, ತಮ್ಮ ಸಂದಿನಲ್ಲೇ ಬೇರೆಯಾದರೆ ಅದು ಕಳಚುವುದು. ತೊಟ್ಟು ಕಳಚುತ್ತದೆ, ಕೊಂಡಿ ಕಳಚುತ್ತದೆ. ಕೆಲಸ ಅರಿಯದವನು ಸೈಕಲ್ಲಿನ ಹಲ್ಲುಗಾಲಿಯನ್ನು ಕೀಳಲು ಹೋಗುತ್ತಾನೆ, ಅರಿತವನು ಕಳಚುತ್ತಾನೆ.

ನಮ್ಮ ಹಿರಿಯರಿಗೆ ಗಾಲಿಯನ್ನು ಕಳಚುವುದು ಹೊಸದಾಗಿರಲಿಲ್ಲ. ಎತ್ತಿನಗಾಡಿಯ ಗಾಲಿಗೆ ಸಂಬಂಧಪಟ್ಟ ಮಾತುಗಳ ಸಂಪತ್ತನ್ನೇ ನೋಡಿ: ಅಚ್ಚು, ಗುಂಬ, ಅರ, ಹಳಿ, ಕಡಾಣಿ, ಕೀಲೆಣ್ಣೆ. ಅಚ್ಚಿನ ತುದಿಯ ಕಡಾಣಿಯನ್ನು ಎಳೆದರೆ ಗಾಲಿ ಜಾರಿ ಹೊರಗೆ ಬರುತ್ತದೆ. ಕೀಲೆಣ್ಣೆ ಸವರಿ ಮತ್ತೆ ತೂರಿಸಿದರೆ ಮುಗಿಯಿತು. ಕಡಾಣಿ ಕಳಚಿಬಿದ್ದ ದಶರಥನ ರಥಕ್ಕೆ ಕೈಕೇಯಿ ತನ್ನ ಕೈಯನ್ನೇ ಕೀಲಾಗಿ ಕೊಟ್ಟಳೆಂದು ನಮ್ಮ ಹರಿಕಥೆಯವರು ಹೇಳುವಾಗ, ಗಾಡಿ ಹೊಡೆಯುವ ರೈತನಿಗೆ ಅದು ಎಷ್ಟು ಅಪಾಯದ ಕೆಲಸವೆಂಬುದು ವಿವರಣೆಯಿಲ್ಲದೆ ತಿಳಿಯುತ್ತಿತ್ತು. ಆದರೆ ಇಡೀ ಗಾಡಿಯ ಗಾಲಿಯಲ್ಲಿ ಒಂದೂ ತಿರುಪಿಲ್ಲ. ಎಲ್ಲವೂ ತೂರಿಸುವುದು, ಬಡಿಯುವುದು, ಬೆಣೆ ಹಾಕುವುದು. ಆ ಲೋಕದಿಂದ ಬಂದ ಕೈಗೆ ಬಿಗಿಯಾದದ್ದು ಕಂಡರೆ ಸುತ್ತಿಗೆ ನೆನಪಾಗುವುದು ಸಹಜ. ಗಾಡಿಯ ಲೋಕದಲ್ಲಿ ಸುತ್ತಿಗೆ ಸರಿಯಾದ ಉತ್ತರವೇ. ಸೈಕಲ್ ಬಂದಾಗ ಅದರೊಡನೆ ತಿರುಪು ಬಂತು. ಸುತ್ತಿಗೆಯ ಉತ್ತರ ಅಲ್ಲಿಗೆ ಸಲ್ಲದಾಯಿತು.

ಈ ಹಲ್ಲುಗಾಲಿ ಎಂದರೆ ಯಾವುದು? ಪೆಡಲಿನ ಪಕ್ಕದ ದೊಡ್ಡ ಹಲ್ಲುಚಕ್ರದಿಂದ ಹೊರಟ ಚೈನು ಹಿಂದಿನ ಗಾಲಿಯ ನಡುವೆ ಬಳಸಿಕೊಂಡು ಬರುವ ಚಿಕ್ಕ ಚಕ್ರ. ಅಂಗಡಿಯ ಭಾಷೆಯಲ್ಲಿ ಅದು ಫ್ರೀವೀಲು. ಮೊದಮೊದಲ ಸೈಕಲ್ಲುಗಳಲ್ಲಿ ಇದು ಗಾಲಿಗೆ ಗಟ್ಟಿಯಾಗಿ ಕೂತಿರುತ್ತಿತ್ತು. ಗಾಲಿ ತಿರುಗುವಷ್ಟು ಹೊತ್ತೂ ಪೆಡಲು ತಿರುಗಬೇಕು, ಇಳಿಜಾರಿನಲ್ಲೂ ಕಾಲಿಗೆ ಬಿಡುವಿಲ್ಲ. ಅಮೆರಿಕದ ವಿಲಿಯಂ ವ್ಯಾನ್ ಆಂಡೆನ್ ಎಂಬಾತ 1869ರಲ್ಲೇ ಇದಕ್ಕೊಂದು ಉಪಾಯ ಕಂಡು ಹಕ್ಕುಪತ್ರ ಪಡೆದ. ಜನ ಅದನ್ನು ಮೆಚ್ಚಿ ಬಳಕೆಗೆ ತಂದದ್ದು ಮಾತ್ರ ಸುಮಾರು ಮೂವತ್ತು ವರ್ಷಗಳ ಮೇಲೆ, 1885ರ ಸ್ಟಾರ್ಲಿಯ ರೋವರ್ ಸೈಕಲ್ಲು ಇಂದಿನ ರೂಪಕ್ಕೆ ದಾರಿ ಹಾಕಿಕೊಟ್ಟ ನಂತರ. ಉಪಾಯ ಸರಳವಾದದ್ದು. ಹಲ್ಲುಗಾಲಿಯಲ್ಲಿ ಎರಡು ಭಾಗ: ಹಲ್ಲುಗಳಿರುವ ಹೊರಬಳೆ, ತಿರುಪಿನಿಂದ ಗಾಲಿಯ ಗುಂಬಕ್ಕೆ ಕೂತ ಒಳಗುಂಡಿಗೆ. ಒಳಗುಂಡಿಗೆಯಲ್ಲಿ ಕೂದಲೆಳೆಯಂಥ ಸ್ಪ್ರಿಂಗಿನ ಆಸರೆಯಲ್ಲಿ ತಲೆಯೆತ್ತಿ ನಿಂತ ಎರಡು ಪುಟ್ಟ ನಾಲಗೆಗಳಿವೆ. ಹೊರಬಳೆ ಮುಂದಕ್ಕೆ ತಿರುಗಿದರೆ ನಾಲಗೆಗಳು ಅದರ ಒಳಮೈಯ ಗರಗಸದಂಥ ಮೆಟ್ಟಿಲುಗಳಿಗೆ ಕಚ್ಚಿಕೊಂಡು ಗಾಲಿಯನ್ನು ಎಳೆಯುತ್ತವೆ. ಹಿಂದಕ್ಕೆ ತಿರುಗಿದರೆ ಮೆಟ್ಟಿಲುಗಳು ನಾಲಗೆಗಳನ್ನು ತಗ್ಗಿಸಿ ಜಾರಿಕೊಳ್ಳುತ್ತವೆ. ಪೆಡಲು ನಿಲ್ಲಿಸಿ ಇಳಿಜಾರಿನಲ್ಲಿ ಸಾಗುವಾಗ ಕೇಳಿಸುವ ಟಿಕ್ ಟಿಕ್ ಸದ್ದು ಆ ನಾಲಗೆಗಳದು.

ಈಗ ತೊಡಕಿನ ಗಂಟಿಗೆ ಬಂದೆವು. ಒಳಗುಂಡಿಗೆ ಗುಂಬಕ್ಕೆ ಕೂತಿರುವುದು ಬಲತಿರುಪಿನಲ್ಲಿ. ಬಲಕ್ಕೆ ತಿರುಗಿಸಿದರೆ ಬಿಗಿ, ಎಡಕ್ಕೆ ತಿರುಗಿಸಿದರೆ ಸಡಿಲ. ಸೈಕಲ್ ಸವಾರ ಪೆಡಲು ತುಳಿದಾಗಲೆಲ್ಲ ಚೈನು ಅದನ್ನು ಬಲಕ್ಕೇ ತಿರುಗಿಸುತ್ತದೆ. ಎಂದರೆ ಮುಂದೆ ಹೋಗಲು ನಾವು ಹಾಕಿದ ಒಂದೊಂದು ತುಳಿತವೂ ಆ ತಿರುಪನ್ನು ಬಿಗಿಸುತ್ತ ಬಂದಿದೆ. ಹತ್ತು ವರ್ಷ ತುಳಿದ ಸೈಕಲ್ಲಿನ ಹಲ್ಲುಗಾಲಿಯನ್ನು ಬಿಗಿಸಿದವನು ಅದನ್ನು ಕೂಡಿಸಿದ ಮೆಕ್ಯಾನಿಕ್ ಅಲ್ಲ, ಅದರ ಮಾಲೀಕನೇ. ಸರಿ, ಎಡಕ್ಕೆ ತಿರುಗಿಸಿ ಸಡಿಲಿಸೋಣವೆಂದು ಹೊರಬಳೆಯ ಹಲ್ಲುಗಳನ್ನು ಹಿಡಿದು ಎಡಕ್ಕೆ ತಿರುಗಿಸಿದರೆ ಏನಾಗುತ್ತದೆ? ಟಿಕ್ ಟಿಕ್ ಎನ್ನುತ್ತ ಅದು ಸುಮ್ಮನೆ ಸುತ್ತುತ್ತದೆ. ಕಳಚಬೇಕಾದ ದಿಕ್ಕೂ ಜಾರುವ ದಿಕ್ಕೂ ಒಂದೇ! ಬಿಗಿಯುವ ದಿಕ್ಕಿನಲ್ಲಿ ಮಾತ್ರ ಅದು ಹಿಡಿತಕ್ಕೆ ಸಿಗುತ್ತದೆ; ಸಡಿಲುವ ದಿಕ್ಕಿನಲ್ಲಿ ಕೈಗೆ ಸಿಗುವುದೇ ಇಲ್ಲ. ನಮ್ಮ ಒಗಟುಗಾರರು ಇದನ್ನು ಕಂಡಿದ್ದರೆ ಒಂದು ಒಳ್ಳೆಯ ಒಗಟು ಕಟ್ಟುತ್ತಿದ್ದರು.

ಎಷ್ಟು ಬಿಗಿ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಒಪ್ಪಿಸುತ್ತೇನೆ. ನಮ್ಮ ಕಡೆಯ ಸಾಮಾನ್ಯ ಕರಿ ಸೈಕಲ್ಲಿನ ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಎಂದಿಟ್ಟುಕೊಳ್ಳಿ. ಪೆಡಲಿನ ತೋಳು ಆರೂವರೆ ಅಂಗುಲ. ಅರವತ್ತು ಕಿಲೋ ತೂಕದ ಮನುಷ್ಯ ಏರಿನಲ್ಲಿ ಪೆಡಲಿನ ಮೇಲೆ ಎದ್ದು ನಿಂತರೆ, ಚೈನಿನ ಮೇಲೆ ಬೀಳುವ ಎಳೆತ ಸುಮಾರು 110 ಕಿಲೋ. ಸಪೂರನಾದ ಸವಾರನೂ ತನ್ನ ತೂಕದ ಎರಡರಷ್ಟಕ್ಕೆ ಹತ್ತಿರದ ಬಲವನ್ನು ಆ ತಿರುಪಿನ ಮೇಲೆ ಹೇರುತ್ತಾನೆ. ಅದೂ ಒಂದು ಸಲವಲ್ಲ, ಏರು ಬಂದಾಗಲೆಲ್ಲ. ಇನ್ನು ತಿರುಪಾದರೂ ಎಂಥದು? 1.37 ಅಂಗುಲ ಅಡ್ಡಳತೆಯ ಗುಂಬದ ಮೇಲೆ ಅಂಗುಲಕ್ಕೆ 24 ಸುತ್ತುಗಳು. ಒಂದೊಂದು ಸುತ್ತಿನ ಅಗಲ ಒಂದು ಮಿಲಿಮೀಟರಿಗಿಂತ ತುಸುವೇ ಹೆಚ್ಚು. ಇಷ್ಟು ನವುರಾದ ಗೆರೆಗಳ ಮೇಲೆ ಅಷ್ಟು ಭಾರ. ಒಂದು ಗೆರೆ ಅಡ್ಡಹಾದಿ ಹಿಡಿದು ಸವೆದರೆ ಫ್ರೀವೀಲು ಹೋಯಿತೆಂದಲ್ಲ, ಗುಂಬವೇ ಹೋಯಿತು. ಗುಂಬ ಹೋದರೆ ಅದಕ್ಕೆ ಹೆಣೆದ ನಲವತ್ತು ಕಡ್ಡಿಗಳನ್ನೂ ಬಿಚ್ಚಿ ಮತ್ತೆ ಕಟ್ಟಬೇಕು. ಅಷ್ಟು ಶ್ರಮ ಯಾರಿಗೆ ಬೇಕು ಎಂದು ಇಡೀ ಗಾಲಿಯನ್ನೇ ಬದಲಿಸುತ್ತಾರೆ.

ಹಾಗಾದರೆ ಅದನ್ನು ಅದರ ಪಾಡಿಗೆ ಬಿಡಬಾರದೇ, ಕಳಚುವ ಗೋಜೇಕೆ ಎಂದು ಕೇಳಬಹುದು. ಹಲ್ಲು ಸವೆದು ಕೊಕ್ಕಿನಂತೆ ಬಾಗಿದರೆ ಚೈನು ಎಗರುತ್ತದೆ. ಹೊಸ ಚೈನು ಹಾಕಿದರೂ ಹಳೆಯ ಹಲ್ಲಿನ ಮೇಲೆ ಅದು ನಿಲ್ಲುವುದಿಲ್ಲ, ಎರಡನ್ನೂ ಒಟ್ಟಿಗೇ ಬದಲಿಸಬೇಕು. ನಾಲಗೆಯ ಸ್ಪ್ರಿಂಗು ಮುರಿದರೆ ತುಳಿದರೂ ಗಾಲಿ ತಿರುಗುವುದಿಲ್ಲ. ಇವೆರಡಕ್ಕಿಂತ ಹೆಚ್ಚಾಗಿ ಜನರನ್ನು ಕಾಡುವುದು ಮುರಿದ ಕಡ್ಡಿ. ಹಿಂದಿನ ಗಾಲಿಯ ಬಲಬದಿಯ ಕಡ್ಡಿಗಳ ತಲೆಗಳು ಫ್ರೀವೀಲಿನ ಮರೆಯಲ್ಲಿರುತ್ತವೆ. ಭಾರ ಹೊರುವ ಸೈಕಲ್ಲಿನಲ್ಲಿ ಆ ಬದಿಯ ಕಡ್ಡಿಗಳೇ ಮೊದಲು ಮುರಿಯುತ್ತವೆ. ಅಲ್ಪ ಬೆಲೆಯ ಒಂದು ಕಡ್ಡಿಯನ್ನು ತೂರಿಸಬೇಕಾದರೂ ಹಲ್ಲುಗಾಲಿ ಹೊರಗೆ ಬರಲೇಬೇಕು.

ಸರಿಯಾದ ಕ್ರಮ ಇದು. ಒಳಗುಂಡಿಗೆಯ ಅಂಚಿನಲ್ಲಿ ಎರಡೋ ನಾಲ್ಕೋ ಕಚ್ಚುಗಳಿರುತ್ತವೆ. ಹೊರಬಳೆ ಜಾರುತ್ತದಾದ್ದರಿಂದ ಒಳಗುಂಡಿಗೆಯನ್ನೇ ಹಿಡಿಯಲು ತಯಾರಕ ಬಿಟ್ಟ ಏಕೈಕ ಹಿಡಿ ಅದು. ಆ ಕಚ್ಚುಗಳಿಗೆ ಸರಿಯಾಗಿ ಕೂರುವ ಮುಳ್ಳುಗಳುಳ್ಳ ಒಂದು ಉಕ್ಕಿನ ಕೀಲಿ ಅಂಗಡಿಗಳಲ್ಲಿರುತ್ತದೆ. ಅದನ್ನು ಕೂರಿಸಿ, ಅಚ್ಚಿನ ನಟ್ಟನ್ನೇ ಅದರ ಮೇಲೆ ಬಿಗಿದು ಅಲುಗಾಡದಂತೆ ಮಾಡಬೇಕು. ಅವಸರದವರು ಬಿಟ್ಟುಬಿಡುವುದು ಈ ನಟ್ಟನ್ನೇ. ನಟ್ಟಿಲ್ಲದ ಕೀಲಿ ಜಾರಿದರೆ ಕಚ್ಚಿನ ತುಟಿ ಹಾರಿಹೋಗುತ್ತದೆ. ಇರುಕಳವಿದ್ದರೆ ಅದರ ಬಾಯಲ್ಲಿ ಕೀಲಿಯನ್ನು ಕಚ್ಚಿಸಿ, ಗಾಲಿಯನ್ನು ಬೀಸುವ ಕಲ್ಲಿನಂತೆ ಮೇಲೆ ಮಲಗಿಸಿ, ಎರಡು ಕೈಗಳಿಂದ ರಿಮ್ಮನ್ನು ಹಿಡಿದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಬೇಕು. ಗಾಲಿಯೇ ಇಲ್ಲಿ ಸನ್ನೆಗೋಲು. ಇರುಕಳವಿಲ್ಲದ ಸಣ್ಣ ಅಂಗಡಿಯಲ್ಲಿ ಕೀಲಿಗೆ ಪಾನಾ ಹಾಕಿ, ಪಾನಾಕ್ಕೆ ಮೂರಡಿಯ ಕಬ್ಬಿಣದ ಕೊಳವೆ ತೊಡಿಸಿ, ಹಿಡಿ ಎಡಕ್ಕೆ ಚಾಚಿರುವಂತೆ ಇಟ್ಟು ಕೆಳಕ್ಕೆ ಒತ್ತುತ್ತಾರೆ; ಗಾಲಿ ಉರುಳದಂತೆ ಎಡಬದಿಗೆ ಒಂದು ಕಲ್ಲು. ಕೊಳವೆಯ ತುದಿಯಲ್ಲಿ ಇಪ್ಪತ್ತು ಕಿಲೋ ಒತ್ತಿದರೂ ಸವಾರನ ತುಳಿತದ ನಾಲ್ಕು ಪಟ್ಟಿಗಿಂತ ಹೆಚ್ಚಿನ ತಿರುಚುಬಲ ಹುಟ್ಟುತ್ತದೆ. ಇಲ್ಲಿ ಬೇಕಾದದ್ದು ಬಡಿತವಲ್ಲ, ನಿಂತು ಒತ್ತುವ ಒತ್ತಡ. ‘ಕಟ್’ ಎಂಬ ಒಂದು ಸದ್ದು ಬಂದ ಕೂಡಲೇ ಕೈ ತಡೆಯಬೇಕು, ನಟ್ಟನ್ನು ಸಡಿಲಿಸಬೇಕು. ಏಕೆಂದರೆ ಬಿಚ್ಚಿಕೊಳ್ಳುವ ಫ್ರೀವೀಲು ಹೊರಕ್ಕೆ ಸರಿಯುತ್ತದೆ. ಎದುರಿಗೆ ನಟ್ಟು ಬಿಗಿದೇ ಇದ್ದರೆ ಸಡಿಲವಾಗುತ್ತಿರುವ ತಿರುಪು ಅದರ ಮೇಲೆ ಒತ್ತಿ ಮುರುಟುತ್ತದೆ.

ಈ ಕ್ರಮಕ್ಕೆ ಒಗ್ಗದ ಪ್ರಸಂಗವೊಂದನ್ನು ನಾನು ಕೊಟ್ಟೂರಿನಲ್ಲಿ ಕಂಡೆ. ಮಾಘ ಮಾಸದ ಕೊಟ್ಟೂರೇಶ್ವರನ ತೇರಿಗೆ ನಾಲ್ಕೈದು ದಿನಗಳಿದ್ದವು. ದೂರದೂರದಿಂದ ಪಾದಯಾತ್ರೆಯಲ್ಲಿ ಬರುವ ಭಕ್ತರಿಗಾಗಿ ಊರು ಸಜ್ಜಾಗುತ್ತಿತ್ತು. ಮಂಡಕ್ಕಿ ಮಿರ್ಚಿಯ ಅಂಗಡಿಯೊಂದರ ಪಕ್ಕದಲ್ಲಿ, ಬೇವಿನ ಮರದ ಕೆಳಗೆ ಒಂದು ಸೈಕಲ್ ಅಂಗಡಿ. ಅಲ್ಲಿ ಸಾಣೆ ಹಿಡಿಯುವವನೊಬ್ಬ ತನ್ನ ಸೈಕಲ್ಲನ್ನು ನಿಲ್ಲಿಸಿಕೊಂಡು ಕುಳಿತಿದ್ದ. ಇವನ ಸೈಕಲ್ಲು ವಿಶೇಷವಾದದ್ದು. ಸ್ಟ್ಯಾಂಡ್ ಹಾಕಿ ಪೆಡಲು ತುಳಿದರೆ ಹಿಂಗಾಲಿಯಿಂದ ಹೊರಟ ಪಟ್ಟಿ ಸಾಣೆಕಲ್ಲನ್ನು ತಿರುಗಿಸುತ್ತದೆ. ಕತ್ತಿ, ಕುಡುಗೋಲು, ಈಳಿಗೆಮಣೆಗಳ ಬಾಯಿ ಅಲ್ಲಿ ಹರಿತವಾಗುತ್ತದೆ. ಊರಿನಿಂದ ಊರಿಗೆ ಹೋಗಲೂ ಅದೇ ಸೈಕಲ್ಲು, ಊರು ಸೇರಿದ ಮೇಲೆ ದುಡಿಯಲೂ ಅದೇ. ತಿರಿ, ತಿರುಗು, ತಿರುವು, ತಿರುಪು ಎಲ್ಲವೂ ಒಂದೇ ಬೇರಿನ ಮಾತುಗಳು. ಅಲೆದು ಬೇಡುವ ತಿರುಪೆಯೂ ಅದೇ ಮನೆತನದ್ದು. ಈ ಮನುಷ್ಯನ ಬಾಳು ಆ ಧಾತುವಿನ ಮೇಲೇ ನಿಂತಿತ್ತು ಎನ್ನಬಹುದು, ಬೇಡುವುದೊಂದನ್ನು ಬಿಟ್ಟು. ತೇರಿಗೆ ಮುಂಚಿನ ದಿನಗಳು ಅವನಿಗೆ ಸುಗ್ಗಿ. ಅಂಥ ಹೊತ್ತಿನಲ್ಲಿ ಪೆಡಲು ತುಳಿದರೆ ಗಾಲಿ ತಿರುಗುತ್ತಿಲ್ಲ.

ಮೆಕ್ಯಾನಿಕ್ ಅರವತ್ತು ದಾಟಿದವರು. ಮೊದಲು ಅವರು ಮಾಡಿದ್ದು ಕಿವಿಗೊಟ್ಟು ಕೇಳಿದ್ದು. ಗಾಲಿಯನ್ನು ಮಲಗಿಸಿ ಫ್ರೀವೀಲಿನ ಸಂದಿಗೆ ಸೀಮೆಎಣ್ಣೆ ಬಿಟ್ಟು ಹಲವು ಸಲ ಸುತ್ತಿಸಿದರು. ಹಳೆಯ ಗ್ರೀಸು ಧೂಳಿನೊಡನೆ ಸೇರಿ ಗೋಂದಿನಂತಾಗಿ ನಾಲಗೆಗಳು ಮೇಲೇಳದೆ ಇರುವುದುಂಟು. ಹಾಗಿದ್ದರೆ ತೊಳೆದರೆ ಸಾಕು, ಬಿಚ್ಚುವ ಕೆಲಸವೇ ಇಲ್ಲ. ಕಪ್ಪು ರಸ ಹರಿದು ಹೋಯಿತು, ಸದ್ದು ಮಾತ್ರ ಹುಟ್ಟಲಿಲ್ಲ. ಸ್ಪ್ರಿಂಗು ಹೋಗಿದೆ ಎಂದರು. ಆಮೇಲೆ ಕಚ್ಚುಗಳನ್ನು ಒರೆಸಿ ನೋಡಿದರೆ, ಇದ್ದ ಎರಡರಲ್ಲಿ ಒಂದರ ತುಟಿ ಹಾರಿಹೋಗಿತ್ತು. ಹಿಂದೆಂದೋ ಯಾರೋ ಚಾಣ ಇಟ್ಟು ಬಡಿದ ಗುರುತು. ಪಕ್ಕದಲ್ಲಿ ನಿಂತ ತರುಣನೊಬ್ಬ ‘ಇನ್ನೊಂದು ಕಡಿಗೆ ಚಾಣ ಇಟ್ಟು ಜೋರಾಗಿ ಬಡೀರಿ, ಬರತೈತಿ’ ಎಂದ. ಮುದುಕ ತಲೆಯೆತ್ತದೆಯೇ, ‘ಬಡದ್ರ ಬರೂದಿಲ್ಲಪಾ. ಅದು ಯಾವ ಕಡಿಗೆ ಬಿಗಿದೈತಿ ಅಂತ ಮೊದ್ಲ ತಿಳೀಬೇಕು, ಆಮ್ಯಾಲೆ ಕೈ ಹಚ್ಚಬೇಕು’ ಎಂದರು. ಅಷ್ಟು ಸ್ಪಷ್ಟವಾದ ವಾಕ್ಯವನ್ನು ನಾನು ಅನೇಕ ವಿಮರ್ಶಾ ಲೇಖನಗಳಲ್ಲಿ ಕಂಡಿಲ್ಲ.

ಅವರು ಸಾಣೆಯವನ ಮುಂದೆ ಎರಡು ದಾರಿಗಳನ್ನು ಇಟ್ಟರು. ಉಳಿದ ಒಂದೇ ಕಚ್ಚಿಗೆ ಕೀಲಿ ಕೂರಿಸಿ ಒತ್ತಿ ನೋಡಬಹುದು. ಬಂದರೆ ಬೇಗ ಬಂತು. ಜಾರಿದರೆ ಆ ಕಚ್ಚೂ ಹೋಗಿ, ಕೀಲಿ ಓರೆಯಾಗಿ, ಗುಂಬದ ತಿರುಪಿಗೂ ಪೆಟ್ಟು ಬಿದ್ದೀತು. ಇಲ್ಲವೇ ಫ್ರೀವೀಲನ್ನು ಅದು ಕೂತಲ್ಲೇ ಒಡೆದು ತೆಗೆಯಬಹುದು. ಅದು ಹೇಗೂ ಸತ್ತಿದೆ, ಗುಂಬ ಉಳಿಯುತ್ತದೆ, ಆದರೆ ಮಧ್ಯಾಹ್ನದವರೆಗೂ ಕಾಯಬೇಕು. ‘ಗಾಲಿ ಹೋದ್ರ ನನ್ನ ಅಂಗಡೀನ ಹೋದಂಗ’ ಎಂದು ಆತ ಎರಡನೆಯದನ್ನೇ ಆರಿಸಿಕೊಂಡ. ಆ ದಿನದ ಅರ್ಧ ದುಡಿಮೆಯನ್ನು ಬಿಟ್ಟುಕೊಟ್ಟು ಮಾಡಿದ ಆಯ್ಕೆ ಅದು.

ಫ್ರೀವೀಲಿನ ಮುಖದ ಮೇಲೆ ಒಂದು ತೆಳು ಮುಚ್ಚಳವಿದೆ, ಅದರಲ್ಲಿ ಎರಡು ಚಿಕ್ಕ ಕುಳಿಗಳು. ಆ ಮುಚ್ಚಳದ ತಿರುಪು ಎಡತಿರುಪು. ಲೋಕದ ಇತರ ತಿರುಪುಗಳು ಯಾವ ಕಡೆ ತಿರುಗಿದರೆ ಬಿಗಿಯುತ್ತವೆಯೋ ಆ ಕಡೆಗೆ ತಿರುಗಿಸಿದರೆ ಇದು ಬಿಚ್ಚುತ್ತದೆ. ಸೈಕಲ್ಲಿನಲ್ಲಿ ಇಂಥ ಎಡತಿರುಪು ಎಡ ಪೆಡಲಿನಲ್ಲೂ ಇದೆ. ತುಳಿಯುವಾಗ ತಾನಾಗಿ ಕಳಚಿಬೀಳಬಾರದೆಂದು ಮಾಡಿದ ಏರ್ಪಾಡು. ವಿಮಾನ ಹಾರಿಸುವುದಕ್ಕೆ ಮುನ್ನ ಡೇಟನ್ ಪಟ್ಟಣದಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದ ರೈಟ್ ಸಹೋದರರು, ತಿರುಪು ಕಳಚದ ಇಂಥ ಪೆಡಲನ್ನು 1900ರಲ್ಲಿ ತಮ್ಮ ಸೈಕಲ್ಲಿನ ಹೆಗ್ಗಳಿಕೆಯಾಗಿ ಸಾರಿದ್ದರು. ಕೊಟ್ಟೂರಿನ ಮುದುಕನಿಗೆ ರೈಟ್ ಸಹೋದರರ ಸೈಕಲ್ ಅಂಗಡಿಯ ಸುದ್ದಿ ಗೊತ್ತಿತ್ತೋ ಇಲ್ಲವೋ, ತಿರುಪಿನ ತತ್ತ್ವ ಚೆನ್ನಾಗಿ ಗೊತ್ತಿತ್ತು. ಒಂದು ಮೊಂಡು ಚಾಣವನ್ನು ಕುಳಿಯಲ್ಲಿಟ್ಟು ಬಲಕ್ಕೆ ಮೆಲ್ಲಗೆ ತಟ್ಟುತ್ತ ಹೋದರು. ಸುತ್ತಿಗೆ ಅವರೂ ಹಿಡಿದಿದ್ದರು, ಆದರೆ ಅದರ ಮಾತು ಬೇರೆಯಾಗಿತ್ತು. ಹತ್ತಿಪ್ಪತ್ತು ತಟ್ಟುಗಳಲ್ಲಿ ಮುಚ್ಚಳ ಅಲುಗಿತು. ಕೆಳಗೆ ಹಳೆಯ ಪಂಚೆಯ ತುಂಡು ಹಾಸಿದ್ದರು. ಸಾಸಿವೆಗಿಂತ ಅಷ್ಟೇ ದೊಡ್ಡವಾದ ಉಕ್ಕಿನ ಗುಂಡುಗಳು ಅದರ ಮೇಲೆ ಸುರಿದವು. ಹೊರಬಳೆ ಕೈಗೆ ಬಂತು. ಒಳಗುಂಡಿಗೆ ಬೆತ್ತಲೆಯಾಗಿ ಗುಂಬದ ಮೇಲೆ ಉಳಿಯಿತು.

ಈಗ ಒಗಟು ಬಿಡಿಸಿಕೊಂಡಿತ್ತು. ಜಾರುವ ಭಾಗವೇ ಇಲ್ಲವಾದ ಮೇಲೆ, ಹಿಡಿದದ್ದು ಹಿಡಿದಂತೆಯೇ ತಿರುಗಬೇಕು. ನಾಲಗೆಗಳಿದ್ದ ತಗ್ಗುಗಳಿಗೆ ಕೊಳಾಯಿ ರಿಪೇರಿಯ ದೊಡ್ಡ ಪಾನಾದ ಹಲ್ಲುಗಳನ್ನು ಕಚ್ಚಿಸಿ, ಕೊಳವೆ ತೊಡಿಸಿ, ಸಾಣೆಯವನನ್ನೇ ಗಾಲಿ ಹಿಡಿದು ನಿಲ್ಲುವಂತೆ ಹೇಳಿ, ತಾವು ಕೊಳವೆಯ ಮೇಲೆ ಬಾಗಿದರು. ಒಮ್ಮೆಗೇ ಜಗ್ಗಲಿಲ್ಲ. ಭಾರ ಬಿಟ್ಟು ನಿಂತರು. ಮಿರ್ಚಿ ಕರಿಯುವ ಬಾಣಲೆಯ ಸದ್ದಿನ ನಡುವೆಯೂ ಆ ‘ಕಟ್’ ನನಗೆ ಕೇಳಿಸಿತು. ಮಿಕ್ಕ ಸುತ್ತುಗಳನ್ನು ಬೆರಳಿನಲ್ಲೇ ತಿರುಗಿಸಿ ತೆಗೆದರು.

ನಾನು ಬಾಗಿ ಗುಂಬದ ತಿರುಪನ್ನು ನೋಡಿದೆ. ತುಕ್ಕು ಹಿಡಿದಿದ್ದುದು ಹೊರ ಅಂಚಿನ ಒಂದೆರಡು ಸುತ್ತುಗಳಿಗೆ ಮಾತ್ರ. ಒಳಗಿನ ಸುತ್ತುಗಳು ಹೊಸ ನಾಣ್ಯದ ಅಂಚಿನಂತೆ ಹೊಳೆಯುತ್ತಿದ್ದವು. ತುಕ್ಕು ಹಿಡಿದು ಕೂತಿದೆ ಎಂದು ನೆರೆದವರೆಲ್ಲ ಹೇಳುತ್ತಿದ್ದರಲ್ಲ, ಹಿಡಿದದ್ದು ತುಕ್ಕಲ್ಲ. ಅಷ್ಟು ವರ್ಷ ಆತ ಹೊಟ್ಟೆಪಾಡಿಗಾಗಿ ತುಳಿದ ತುಳಿತ.

ತುಕ್ಕೇ ಕಾರಣವಾದ ಸಂದರ್ಭಗಳೂ ಇಲ್ಲದಿಲ್ಲ. ಮಳೆಯಲ್ಲಿ ನೆನೆದು ಹಿತ್ತಲಲ್ಲಿ ವರ್ಷಗಟ್ಟಲೆ ಒರಗಿ ನಿಂತ ಸೈಕಲ್ಲುಗಳದು ಆ ಕಥೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಜಾಗ ಸಿಗದ ಸಂದಿಯಲ್ಲಿ ಬೆಣೆಯಾಗಿ ಕೂರುತ್ತದೆ. ಅದಕ್ಕೆ ಎಣ್ಣೆಯೂ ಕಾಲವೂ ಮದ್ದು. ಸೀಮೆಎಣ್ಣೆಗೆ ತುಸು ಯಂತ್ರದ ಎಣ್ಣೆ ಬೆರೆಸಿ ಸಂದಿಗೆ ಬಿಟ್ಟು, ಸುತ್ತಲೂ ಹಗುರಾಗಿ ತಟ್ಟಿ, ಒಂದು ರಾತ್ರಿ ಮಲಗಿಸಿಡುತ್ತಾರೆ. ಉಜ್ಜಿನಿಯ ಮರುಳಸಿದ್ಧೇಶ್ವರನ ಗುಡಿಯ ಶಿಖರಕ್ಕೆ ವರ್ಷಕ್ಕೊಮ್ಮೆ ತೈಲಾಭಿಷೇಕ ಮಾಡುವ ಸೀಮೆ ನಮ್ಮದು. ಎಣ್ಣೆಯನ್ನು ಎರೆದು ಕಾಯುವುದು ನಮಗೆ ಬರದ ವಿದ್ಯೆಯೇನಲ್ಲ. ಸೈಕಲ್ಲಿನ ವಿಷಯಕ್ಕೆ ಬಂದಾಗ ಮಾತ್ರ ಒಂದು ರಾತ್ರಿ ತಾಳುವವರು ಅಪರೂಪ. ಎಣ್ಣೆಗೂ ಬಗ್ಗದಿದ್ದರೆ ಬೆಂಕಿ. ಹೊರಗಿನ ಫ್ರೀವೀಲನ್ನು ಮಾತ್ರ ಬೇಗ ಕಾಯಿಸಿದರೆ ಅದು ಹಿಗ್ಗಿ, ಒಳಗಿನ ಗುಂಬ ಹಿಗ್ಗುವ ಮೊದಲೇ ಹಿಡಿತ ಸಡಿಲುತ್ತದೆ. ಗಾಡಿಯ ಗಾಲಿಗೆ ಹಳಿ ಕಾಯಿಸಿ ತೊಡಿಸುವ ಕಮ್ಮಾರನ ವಿದ್ಯೆಯೇ ಇದು, ತಲೆಕೆಳಗಾಗಿ. ಆದರೆ ಈಚಿನ ಸೈಕಲ್ಲುಗಳಲ್ಲಿ ಗುಂಬ ಅಲ್ಯುಮಿನಿಯಂನದಾಗಿದ್ದರೆ ಬೆಂಕಿ ಕೂಡದು. ಆ ಲೋಹ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಶಾಖ ಒಳಗಿಳಿದರೆ ಹಿಡಿತ ಸಡಿಲುವ ಬದಲು ಇನ್ನಷ್ಟು ಬಿಗಿಯುತ್ತದೆ.

ಈ ತಿರುಪಿನ ಅಳತೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ಮನಸ್ಸಿಗ��� ಸಮಾಧಾನವಿಲ್ಲ. ಭಾರತ 1956ರಲ್ಲೇ ಮೆಟ್ರಿಕ್ ಅಳತೆಗೆ ಕಾಯಿದೆ ಮಾಡಿತು. ಕರಿ ಸೈಕಲ್ಲಿನ ತಿರುಪು ಮಾತ್ರ ಇಂದಿಗೂ ಅಂಗುಲಕ್ಕೆ 24 ಸುತ್ತಿನ ಇಂಗ್ಲಿಷ್ ಲೆಕ್ಕದಲ್ಲೇ ಇದೆ. 1949ರಲ್ಲಿ ಮದರಾಸಿನಲ್ಲಿ ಬರ್ಮಿಂಗ್‌ಹ್ಯಾಮಿನ ಕಂಪನಿಯ ಸಹಯೋಗದೊಡನೆ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲುಧಿಯಾನದಲ್ಲಿ ಹೀರೋ ಹುಟ್ಟಿಕೊಂಡವು. ಹೆಸರು ಬೇರೆ, ಬಣ್ಣ ಬೇರೆ, ತಿರುಪು ಒಂದೇ. ನಮ್ಮ ಹರಪನಹಳ್ಳಿಯನ್ನೇ ನೋಡಿ: ಬಳ್ಳಾರಿ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯನ್ನು ಸೇರಿತು. ಇಷ್ಟೆಲ್ಲ ಆದರೂ ಹರಪನಹಳ್ಳಿಯ ಫ್ರೀವೀಲು ಹಡಗಲಿಯ ಗುಂಬಕ್ಕೆ ತಕರಾರಿಲ್ಲದೆ ಕೂರುತ್ತದೆ. ಆಡಳಿತಗಾರರು ಇದರಿಂದ ಏನಾದರೂ ಕಲಿಯಬಹುದೋ ಏನೋ, ಅದು ನನ್ನ ಅಧಿಕಾರಕ್ಕೆ ಹೊರತಾದ ವಿಷಯ.

ಈಗ ಆ ಕರಿ ಸೈಕಲ್ಲುಗಳು ವಿರಳವಾಗಿವೆ. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು ಕೆಲಸ ನಿಲ್ಲಿಸಿತು; ಆ ದಿನ ವಿಶ್ವ ಸೈಕಲ್ ದಿನವೂ ಆಗಿದ್ದದ್ದು ಕಾಲದ ಕುಹಕ. ನಮ್ಮ ಊರುಗಳ ಅಂಗಡಿಗಳಲ್ಲಿ ಸೈಕಲ್ಲಿನ ಜಾಗವನ್ನು ಮೋಟಾರ್ ಸೈಕಲ್ಲು ತೆಗೆದುಕೊಂಡಿದೆ. ಫ್ರೀವೀಲು ಜಾಮ್ ಆಗಿದೆ ಎಂದರೆ ಹೊಸ ತಲೆಮಾರಿನ ಮೆಕ್ಯಾನಿಕ್ಕು ಇಡೀ ಗಾಲಿ ಬದಲಿಸಿ ಎನ್ನುತ್ತಾನೆ. ಅವನನ್ನು ದೂರುವಂತಿಲ್ಲ, ಅವನ ಗಂಟೆಗೂ ಬೆಲೆಯಿದೆ, ಅರ್ಧ ದಿನ ಒಂದು ತಿರುಪಿನ ಮುಂದೆ ಕೂರಲು ಅವನಿಗೆ ಪುರುಸೊತ್ತಿಲ್ಲ. ಆದರೆ ಸಾಣೆಯವನಂಥವನು ಆ ಅರ್ಧ ದಿನವನ್ನೇ ಕೊಟ್ಟು ಗಾಲಿಯನ್ನು ಉಳಿಸಿಕೊಳ್ಳಬೇಕಾದವನು. ಶಾಲೆಯ ಹುಡುಗಿಯ ತಂದೆಯೂ ಹಾಗೆಯೇ. ಅವರ ಪಾಲಿಗೆ ಈ ವಿದ್ಯೆ ಬಲ್ಲವನೊಬ್ಬ ಊರಿನಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ಬಹಳ ಅಂತರವಿದೆ.

ಇನ್ನು ಮಾತಿನ ಕಡೆಗೆ. ಗಾಡಿಯ ಗಾಲಿಯ ಒಂದೊಂದು ಅಂಗಕ್ಕೂ ಕನ್ನಡದಲ್ಲಿ ಹೆಸರಿದೆ. ಸೈಕಲ್ಲಿನದಕ್ಕೆ ಹ್ಯಾಂಡಲು, ಪೆಡಲು, ಚೈನು, ಫ್ರೀವೀಲು ಎಂದು ಬಂದ ಹೆಸರುಗಳನ್ನೇ ಒಗ್ಗಿಸಿಕೊಂಡೆವು. ಅದರಲ್ಲಿ ನನಗೆ ಬೇಸರವಿಲ್ಲ. ಪಾನಾ ಎಂಬ ಮಾತು ಇಲ್ಲಿ ಯಾರಿಗೂ ಪರಕೀಯವಲ್ಲ. ನಾನು ಕೊರತೆ ಎಂದು ಎಣಿಸುವುದು ವಸ್ತುಗಳ ಹೆಸರನ್ನಲ್ಲ, ಕ್ರಿಯೆಯ ವಿವರಣೆಯನ್ನು. ಆ ಮುದುಕ ಕೊಳವೆಯ ಮೇಲೆ ಭಾರ ಬಿಟ್ಟು ನಿಂತರಲ್ಲ, ಜಗ್ಗಲಿಲ್ಲ, ಬಡಿಯಲಿಲ್ಲ, ತಳ್ಳಲಿಲ್ಲ, ಆ ಕ್ರಿಯೆಗೆ ಏನೆನ್ನುತ್ತೀರಿ ಎಂದು ಕೇಳಿದೆ. ಸ್ವಲ್ಪ ಯೋಚಿಸಿ ‘ಭಾರ ತೋರಸೂದು’ ಎಂದರು. ತಿರುಪಿಗೆ ನಮ್ಮ ಭಾರವನ್ನು ತೋರಿಸಿ ಅದು ಒಪ್ಪುವವರೆಗೆ ನಿಲ್ಲುವುದು. ನಿಘಂಟಿನವರು ಬರೆದುಕೊಳ್ಳಲಿ ಎಂದು ಈ ಮಾತನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ.

ಹೊಸ ಫ್ರೀವೀಲು ಕೂರಿಸುವ ಕೆಲಸ ಕೆಲವೇ ನಿಮಿಷಗಳದು, ಆದರೆ ಅದರಲ್ಲಿಯೂ ಎರಡು ಸಂಗತಿ ಕಂಡೆ. ಗುಂಬದ ತಿರುಪನ್ನು ಅವರು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕಿ, ಸುತ್ತಲೂ ತೆಳುವಾಗಿ ಗ್ರೀಸು ಸವರಿದರು. ಮುಂದೊಂದು ದಿನ ಇದನ್ನು ಕಳಚಬೇಕಾದವನಿಗಾಗಿ ಮಾಡಿದ ಉಪಕಾರ ಅದು. ಅಲ್ಲಿಯವರೆಗೆ ಅದನ್ನು ಯಾರೂ ಕಾಣುವುದಿಲ್ಲ. ಎರಡನೆಯದು: ಹೊಸ ಫ್ರೀವೀಲನ್ನು ಗುಂಬದ ಬಾಯಿಗೆ ಇಟ್ಟವರು ಮೊದಲು ಬಲಕ್ಕೆ ತಿರುಗಿಸಲಿಲ್ಲ. ಎಡಕ್ಕೆ, ಅಂದರೆ ಬಿಚ್ಚುವ ದಿಕ್ಕಿಗೆ, ಮೆಲ್ಲಗೆ ಒಂದು ಸುತ್ತು ತಿರುಗಿಸಿದರು. ಒಂದು ಕಡೆ ಅದು ‘ಟಕ್’ ಎಂದು ಕೂದಲೆಳೆಯಷ್ಟು ಕೆಳಗೆ ಇಳಿದು ಕೂತಿತು. ತಿರುಪಿನ ಬಾಯಿಗೆ ತಿರುಪಿನ ಬಾಯಿ ಸೇರುವ ಜಾಗ ಅದು. ಅಲ್ಲಿಂದ ಬಲಕ್ಕೆ ತಿರುಗಿಸಿದರೆ ಗೆರೆ ಅಡ್ಡಹಾದಿ ಹಿಡಿಯುವ ಭಯವಿಲ್ಲ. ಆಮೇಲೆ ಬೆರಳಿನಿಂದಲೇ ಕೊನೆಯವರೆಗೂ ತಿರುಗಿಸಿ ಬಿಟ್ಟರು. ಪಾನಾ ಮುಟ್ಟಲಿಲ್ಲ. ಬಿಗಿಸುವುದಿಲ್ಲವೇ ಎಂದು ಸಾಣೆಯವನು ಕೇಳಿದ. ‘ನೀ ತುಳೀತಿಯಲ್ಲ’ ಎಂದು ಹೇಳಿ, ಅವರು ಪಂಚೆಯ ತುಂಡಿನ ಮೇಲೆ ಚೆಲ್ಲಿದ್ದ ಉಕ್ಕಿನ ಗುಂಡುಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕತೊಡಗಿದರು.